ಏರ್ ರೈಫಲ್ ಯಾವುದು ತಗೊಳ್ಳಲಿ, ಮೇಲೆ ಯಾವ ಸೈಟ್ ಹಾಕಲಿ?

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದರು. ಅವರ ಊರು ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೂಡ ಕೊಲ್ಹಾಪುರದವರೇ. ಬೆಳಗಾವಿಯಲ್ಲಿ ಕೂತವರಿಗೆ ಅದು ಪಕ್ಕದ ಊರು, ಹಾಗಾಗಿ ಆ ಪದಕ ನಮ್ಮ ಓಣಿಗೇ ಬಂದಷ್ಟು ಖುಷಿ ಆಯ್ತು. ಅಂದಿನಿಂದ ನನ್ನನ್ನು ಕೇಳುವವರೂ ಜಾಸ್ತಿ ಆಗಿದ್ದಾರೆ. ಬೈಲಹೊಂಗಲದಿಂದ ಒಬ್ಬರು, ಮುಧೋಳದಿಂದ ಒಬ್ಬರು, ವಿಜಯಪುರದಿಂದ ಒಬ್ಬ ತಂದೆ. ಎಲ್ಲರ ಪ್ರಶ್ನೆಯೂ ಒಂದೇ: "ಸರ, ಮೂರು ನಾಲ್ಕು ಗನ್ ನೋಡೀನ್ರಿ, ಯಾವುದು ತಗೊಳ್ಳಬೇಕು ತಿಳೀವಲ್ದು."

ಕೆಲವರು ಲಿವರ್ ಆ್ಯಕ್ಷನ್ ರೈಫಲ್ ಬಗ್ಗೆ ಕೇಳುತ್ತಾರೆ. ಟ್ರಿಗರ್ ಸುತ್ತಲಿನ ಕೊಂಡಿಯನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಹಳೆ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಕೂರುತ್ತದಲ್ಲ, ಅದು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಅಮೆರಿಕದ ಕಾಡುಗಳಲ್ಲಿ ಜಿಂಕೆ ಬೇಟೆಗೆ ಹೆಸರಾದ ಬಂದೂಕು. ಒಳ್ಳೆಯ ಯಂತ್ರ, ನೋಡುವುದಕ್ಕೂ ಚೆಂದ. ಆದರೆ ನಮ್ಮಲ್ಲಿ ಅದಕ್ಕೆ ಲೈಸೆನ್ಸ್ ಬೇಕು, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಏರ್‌ಗನ್ ಹಿಡಿದು ಹೊಲದಲ್ಲಿ ನವಿಲು, ಮೊಲ, ಬೆಳವ ಹೊಡೆಯುವುದೂ ಬೇಟೆಯೇ. ಬೀಳಗಿ ಮುಧೋಳದ ನಡುವೆ ಯಡಹಳ್ಳಿಯ ಚಿಂಕಾರಗಳಿಗೆ, ಗೋಕಾಕದ ಹತ್ತಿರ ಘಟಪ್ರಭೆಯ ಹಕ್ಕಿಗಳಿಗೆ ಅಂತ ಜಾಗ ಬಿಟ್ಟುಕೊಟ್ಟ ಸೀಮೆ ನಮ್ಮದು. ಜೋಳದ ಹೊಲಕ್ಕೆ ಹಕ್ಕಿ ಬಿದ್ದರೆ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಕೂಗು ಹಾಕಿ, ಸಾಕು. ಹಕ್ಕಿ ಹೊಡೆಯುವ ಉದ್ದೇಶ ಇದ್ದವರಿಗೆ ನಾನು ಗನ್ ಆರಿಸಿಕೊಡುವುದಿಲ್ಲ.

ಹಾಗಾಗಿ ನಾನು ಹೇಳುತ್ತಿರುವುದು ಕಾಗದದ ಗುರಿಗೆ ಹೊಡೆಯುವ 0.177 ಬೋರಿನ ಏರ್ ರೈಫಲ್ ಬಗ್ಗೆ, ಅಂದರೆ ನಳಿಗೆಯ ಒಳಗಿನ ಅಗಲ 0.177 ಇಂಚು, 4.5 ಮಿಲಿಮೀಟರ್. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್ ಅಷ್ಟನ್ನು ಮೀರದೆ, ಶಕ್ತಿ 20 ಜೌಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಬಿಲ್ ಸಮೇತ ತಗೊಳ್ಳಿ. ಆ ಬಿಲ್ ಜೋಪಾನ ಮಾಡಿ, ಪ್ರಯಾಣದಲ್ಲಿ ಗನ್ ಜೊತೆಗೇ ಇರಲಿ. 0.22 ಬೋರಿನದು ಯಾರಾದರೂ "ಇದೂ ನಡೀತದರಿ" ಅಂತ ಕೊಡಲು ಬಂದರೆ ಬೇಡ ಅನ್ನಿ.

ಅಂಗಡಿಗೆ ಹೋಗುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಎಲ್ಲಿ ನಿಂತು ಹೊಡೆಯುತ್ತೀರಿ, ಅಲ್ಲಿಂದ ಗುರಿಗೆ ಎಷ್ಟು ದೂರ? ವಾರಕ್ಕೆ ಎಷ್ಟು ಪೆಲ್ಲೆಟ್ (ಏರ್‌ಗನ್ನಿನ ಚಿಕ್ಕ ಸೀಸದ ಗುಂಡು) ಹೊಡೆಯುತ್ತೀರಿ? ಗನ್ ಯಾರ ಭುಜಕ್ಕೆ, ಹನ್ನೆರಡರ ಹುಡುಗಿಗೋ ಐವತ್ತೈದರ ಅಪ್ಪನಿಗೋ? ಒಟ್ಟು ದುಡ್ಡು ಎಷ್ಟು? ಒಟ್ಟು ಅಂದರೆ ಗನ್, ಸೈಟ್ (ಗನ್ ಮೇಲೆ ಕೂರಿಸಿ ಗುರಿ ನೋಡುವ ಸಾಧನ), ಪೆಲ್ಲೆಟ್, ಪಂಪ್ ಎಲ್ಲಾ ಸೇರಿ. ಇದರಲ್ಲಿ ಮೊದಲನೆಯ ಪ್ರಶ್ನೆಯೇ ಮುಖ್ಯ. ನೀವು ನಿಜವಾಗಿ ಹೊಡೆಯುವ ದೂರ 10 ಮೀಟರ್ ಆಗಿದ್ದರೆ ಉಳಿದ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

"ಪವರ್ ಎಷ್ಟೈತಿ?" ಅನ್ನುವುದನ್ನು ನಾನು ಆ ಪಟ್ಟಿಯಲ್ಲಿ ಬೇಕಂತಲೇ ಸೇರಿಸಿಲ್ಲ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಬಗೆಯ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸುಮಾರು 7.5 ಜೌಲ್ ಮಾತ್ರ. ಪೆಲ್ಲೆಟ್ ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಲೈಸೆನ್ಸ್ ಬೇಡದ 20 ಜೌಲ್‌ನ ಅರ್ಧವೂ ಇಲ್ಲ ಅಲ್ವಾ? ಆದರೂ ಅವರು ಹೊಡೆಯುವ ಹತ್ತನೇ ಅಂಕದ ಚುಕ್ಕೆಯ ಅಗಲ 0.5 ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಕಾಗದ ತೂತು ಮಾಡಲು ಜೋರು ಬೇಡ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಅಷ್ಟೇ.

ಈಗ ಗನ್‌ಗಳ ಕಡೆ ಬರೋಣ.

ನಮ್ಮಲ್ಲಿ ಜಾಸ್ತಿ ಸಿಗುವುದು ಬ್ರೇಕ್ ಬ್ಯಾರಲ್, ನಳಿಗೆಯನ್ನೇ ಮುರಿದಂತೆ ಕೆಳಗೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಗನ್. ಜರ್ಮನಿಯ ಡಯಾನಾ 35ರ ಮಾದರಿಯಲ್ಲಿ ನಮ್ಮ ದೇಶದಲ್ಲಿ ಎಷ್ಟೋ ವರ್ಷದಿಂದ ಇಂಥವನ್ನು ಮಾಡುತ್ತಾರೆ. ಪ್ರೆಸಿಹೋಲ್‌ನಂಥ ಹೊಸ ಕಾಲದ ತಯಾರಕರೂ ಇದ್ದಾರೆ, ಅವರಲ್ಲಿ ಸ್ಪ್ರಿಂಗ್ ಗನ್ನೂ ಉಂಟು, ಗಾಳಿ ತುಂಬುವ ಪಿಸಿಪಿಯೂ ಉಂಟು. ಬ್ರೇಕ್ ಬ್ಯಾರಲ್‌ಗೆ ಹತ್ತು ಸಾವಿರದ ಆಸುಪಾಸಿನಿಂದ ಶುರು ಅಂದುಕೊಳ್ಳಿ. ಪಂಪ್ ಬೇಡ, ಸಿಲಿಂಡರ್ ಬೇಡ. ಮಳೆಗಾಲದಲ್ಲಿ ಬೆಳಗಾವಿಯ ತೇವಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟರೆ ಮಗನ ಕಾಲಕ್ಕೂ ಇರುತ್ತದೆ.

ಆದರೆ ಇದರ ಸ್ವಭಾವ ಬೇರೆ. ಟ್ರಿಗರ್ ಒತ್ತಿದ ಮೇಲೆ ಒಳಗೆ ದಪ್ಪ ಪಿಸ್ಟನ್ ಮುಂದಕ್ಕೆ ಜಿಗಿದು ಗಾಳಿಯನ್ನು ಒತ್ತುತ್ತದೆ. ಪೆಲ್ಲೆಟ್ ನಳಿಗೆ ಬಿಡುವ ಮೊದಲೇ ಗನ್ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಅದುರುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲ ಬೇರೆ ಕಡೆ ಅದುರುತ್ತದೆ, ಗುರಿ ಚದುರುತ್ತದೆ. ಎಡಗೈಯನ್ನು ತಟ್ಟೆ ಹಿಡಿದಂತೆ ಬಿಚ್ಚಿ, ಅದರ ಮೇಲೆ ಗನ್ ಸುಮ್ನೆ ಮಲಗಲು ಬಿಡಬೇಕು. ಕೂಸನ್ನು ಎತ್ತಿಕೊಂಡ ಹಾಗೆ, ಬೀಳಬಾರದು, ಹಿಸುಕಲೂಬಾರದು. ಇದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಕಲಿತ ಮೇಲೆ ಯಾವ ಗನ್ ಕೊಟ್ಟರೂ ಕೈ ಸುಧಾರಿಸಿತ್ತು.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪೆಲ್ಲೆಟ್ ಹಾಕದೆ ಹೊಡೆಯಬೇಡಿ, ಎದುರು ಒತ್ತಡ ಇಲ್ಲದೆ ಪಿಸ್ಟನ್ ಹೋಗಿ ಗೋಡೆಗೆ ಬಡಿದು ಒಳಗೆಲ್ಲಾ ಹಾಳಾಗುತ್ತದೆ. ನಳಿಗೆ ಬಗ್ಗಿಸಿ ಪೆಲ್ಲೆಟ್ ತುಂಬುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಲೇಬಾರದು, ಟ್ರಿಗರ್ ಹತ್ತಿರ ಬೆರಳೇ ಹೋಗಬಾರದು. ತಪ್ಪಿ ಟ್ರಿಗರ್ ತಾಗಿದರೆ ನಳಿಗೆ ಚಿಮ್ಮಿ ಮೇಲೆ ಬರುತ್ತದೆ, ಬೆರಳು ಉಳಿದರೆ ಪುಣ್ಯ, ನಳಿಗೆ ಅಂತೂ ಬಾಗುತ್ತದೆ.

ಇದರ ಅಣ್ಣ ಅಂಡರ್‌ಲಿವರ್. ನಳಿಗೆ ಅಲುಗಾಡುವುದಿಲ್ಲ, ಅದರ ಕೆಳಗಿನ ಉದ್ದ ಕೊಂಡಿಯನ್ನು ಎಳೆದು ಸ್ಪ್ರಿಂಗ್ ಹೂಡಬೇಕು. ಲಿವರ್ ಆ್ಯಕ್ಷನ್ ಮೇಲೆ ಆಸೆ ಇಟ್ಟುಕೊಂಡು ಬಂದವರಿಗೆ ಕೈಯ ಕೆಲಸದಲ್ಲಿ ಹತ್ತಿರ ಅನ್ನಿಸುವುದು ಇದೇ. ನಳಿಗೆ ಗಟ್ಟಿಯಾಗಿ ಕೂತಿರುವುದರಿಂದ ಸೈಟ್ ಹೊಂದಿಸಿದ್ದು ಅಲುಗದೆ ಉಳಿಯುತ್ತದೆ. ಬೆಲೆ ಜಾಸ್ತಿ, ಭಾರವೂ ಜಾಸ್ತಿ, ಪೆಲ್ಲೆಟ್ ಇಡುವ ಕಿಂಡಿ ಚಿಕ್ಕದು. ದಪ್ಪ ಬೆರಳಿನವರಿಗೆ ಕಿರಿಕಿರಿ. ಕೊಂಡಿ ಪಕ್ಕಕ್ಕಿದ್ದರೆ ಸೈಡ್‌ಲಿವರ್. ಆ ಜಾತಿಯ ಹಳೆ ಫೈನ್‌ವರ್ಕ್‌ಬೌ 300 ಎಸ್ ಎಲ್ಲಾದರೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ನಿಂತು ನೋಡಿ. ಹೊಡೆದಾಗ ಮೇಲಿನ ಭಾಗವಿಡೀ ಹಳಿಯ ಮೇಲೆ ಸ್ವಲ್ಪ ಹಿಂದೆ ಸರಿಯುತ್ತದೆ, ಭುಜಕ್ಕೆ ಅದುರೇ ತಿಳಿಯುವುದಿಲ್ಲ.

ಗ್ಯಾಸ್ ರ್‍ಯಾಮ್ ಅಂದರೆ ಸ್ಪ್ರಿಂಗ್ ಬದಲಿಗೆ ಒತ್ತಡದ ಅನಿಲ ತುಂಬಿದ ಕೊಳವೆ. ಹೂಡಿ ಎಷ್ಟು ಹೊತ್ತು ಬಿಟ್ಟರೂ ಸ್ಪ್ರಿಂಗ್‌ನಂತೆ ಸೋಲುವುದಿಲ್ಲ. ಹಾಳಾದರೆ ಊರಲ್ಲಿ ರಿಪೇರಿ ಕಷ್ಟ. ಸಿಒ2 ಕ್ಯಾಪ್ಸೂಲಿನವು ನಮ್ಮ ಹವೆಗೆ ಹೊಂದುವುದಿಲ್ಲ. ಬಿಸಿಗೆ ಒತ್ತಡ ಏರುತ್ತದೆ, ಚಳಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ವಿಜಯಪುರ, ಡಿಸೆಂಬರ್ ಬೆಳಗಿನ ಬೆಳಗಾವಿ, ಎರಡರಲ್ಲೂ ಒಂದೇ ಗುರಿ ಬರುವುದು ಸಾಧ್ಯವಿಲ್ಲ.

ಉಳಿದದ್ದು ಪಿಸಿಪಿ, ಮೊದಲೇ ಒತ್ತಿದ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್. ಪಿಸ್ಟನ್ ಜಿಗಿತ ಇಲ್ಲ, ಅದುರು ಇಲ್ಲದಷ್ಟು ಕಡಿಮೆ. ಹೊಸಬರೂ ಮೊದಲ ದಿನವೇ ಪೆಲ್ಲೆಟ್‌ಗಳನ್ನು ಹತ್ತಿರ ಹತ್ತಿರ ಗುಂಪಾಗಿ ಬೀಳುವಂತೆ ಹೊಡೆಯುತ್ತಾರೆ. ಹೂಡಲು ಬಲ ಬೇಡ, ಎರಡು ಬೆರಳು ಸಾಕು. ಸ್ಪರ್ಧೆಗೆ 60 ಗುಂಡು, 75 ನಿಮಿಷ, ಅದೂ ನಿಂತು. ಸ್ಪ್ರಿಂಗ್ ಗನ್ನನ್ನು ಅರವತ್ತು ಸಲ ಎಳೆದ ತೋಳು ಕೊನೆಯ ಇಪ್ಪತ್ತಕ್ಕೆ ನಡುಗದೆ ಇರುತ್ತಾ? ಹಾಗಾಗಿ ಮಗು ನಿಜವಾಗಿ ಸ್ಪರ್ಧೆಗೆ ಹೋಗುವುದಾದರೆ ದಾರಿ ಇದೇ.

ಆದರೆ ಗಾಳಿ ಎಲ್ಲಿಂದ ತರುತ್ತೀರಿ? ಸುಮಾರು 200 ಬಾರ್ ಒತ್ತಡ ಬೇಕು. ಕಾರಿನ ಟೈರಿಗೆ ಎರಡು ಚಿಲ್ಲರೆ ಬಾರ್ ಸಾಕು ಅನ್ನುವುದನ್ನು ನೆನಪಿಟ್ಟು ನೋಡಿ. ಪಂಕ್ಚರ್ ಅಂಗಡಿಯ ಗಾಳಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಮಾಡಿದ ಹ್ಯಾಂಡ್ ಪಂಪ್ ಬೇಕು, ಇಲ್ಲವೇ ದೊಡ್ಡ ಸಿಲಿಂಡರ್. ಪಂಪ್ ಹೊಡೆಯುವುದು ಕೊನೆ ಕೊನೆಗೆ ಮೈಭಾರ ಪೂರ್ತಿ ಹಾಕಿ ಒತ್ತುವ ಕೆಲಸ, ಮಳೆಗಾಲದಲ್ಲಿ ತೇವದ ಗಾಳಿ ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಇನ್ನು ಗಾಳಿಯ ದಾರಿಗೆ ಮನೆಯ ಎಣ್ಣೆ, ಗ್ರೀಸ್ ಹಚ್ಚಲೇಬೇಡಿ. ಅಷ್ಟು ಒತ್ತಡದಲ್ಲಿ ಎಣ್ಣೆ ಹೊತ್ತಿ ಸಿಡಿಯಬಹುದು. ಸಿಲಿಂಡರ್ ಮೇಲಿನ ತಾರೀಖು ನೋಡಿ, ತಯಾರಕರು ಕೊಟ್ಟ ಅವಧಿ ಮುಗಿದಿದ್ದರೆ ಸ್ಪರ್ಧೆಗೆ ನಡೆಯುವುದಿಲ್ಲ, ಮನೆಯಲ್ಲಿ ಬಳಸುವುದೂ ಅಪಾಯ. ದೇಶಿ ಪಿಸಿಪಿ ಹತ್ತಾರು ಸಾವಿರದ ಮಾತು. ವಾಲ್ಟರ್ ಎಲ್‌ಜಿ 400, ಫೈನ್‌ವರ್ಕ್‌ಬೌ 800ರಂಥ ವಿದೇಶಿ ಸ್ಪರ್ಧೆಯ ರೈಫಲ್‌ಗಳು ಲಕ್ಷಗಳ ಲೆಕ್ಕ. ಆ ದುಡ್ಡು ಹಾಕುವ ಮೊದಲು ಒಂದು ವರ್ಷ ಯಾವುದಾದರೂ ಶೂಟಿಂಗ್ ರೇಂಜಿನ ಗನ್‌ನಲ್ಲಿ ಹೊಡೆಸಿ.

ಸೈಟ್ ವಿಷಯಕ್ಕೆ ಬಂದರೆ ನನ್ನದೇ ಒಂದು ಕಥೆ ಇದೆ. ಮೊದಲ ಗನ್ ತಂದಾಗ ಅಂಗಡಿಯವನು "ಸ್ಕೋಪ್ ಇಲ್ಲಂದ್ರ ಏನ್ ಗನ್ನರಿ" ಅಂತ ಒಂದು ಅಗ್ಗದ ಸ್ಕೋಪ್, ಅಂದರೆ ಗುರಿಯನ್ನು ದೊಡ್ಡದಾಗಿ ತೋರಿಸುವ ದುರ್ಬೀನು, ಕೂರಿಸಿ ಕೊಟ್ಟ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಗುರಿ ದಿನಕ್ಕೊಂದು ಕಡೆ. ನನ್ನ ಕೈ ಸರಿ ಇಲ್ಲ ಅಂದುಕೊಂಡು ರಾತ್ರಿ ನಿದ್ದೆ ಬಾರದಷ್ಟು ಕೊರಗಿದೆ. ಒಂದು ದಿನ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಅಡ್ಡಗೆರೆ ಓರೆಯಾಗಿ ತಿರುಗಿ ನಿಂತಿದೆ, ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತದೆ. ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಒಂದೇ ಕಡೆಯ ಒದೆತ ತಡೆಯಲು ಮಾಡಿದ ಸ್ಕೋಪ್ ಇದಕ್ಕೆ ಪುಡಿಯಾಗುತ್ತದೆ. ಆ ದುಡ್ಡಿಗೆ ಹತ್ತಾರು ಡಬ್ಬಿ ಪೆಲ್ಲೆಟ್ ಬರುತ್ತಿತ್ತು, ಅಷ್ಟು ಅಭ್ಯಾಸ ಆಗುತ್ತಿತ್ತು.

ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು ಗನ್ ಜೊತೆ ಬರುವ ಓಪನ್ ಸೈಟ್. ಹಿಂದೆ ಕಚ್ಚು, ಮುಂದೆ ಮೊನೆ. ಎನ್‌ಸಿಸಿಯಲ್ಲಿ 0.22 ರೈಫಲ್ ಹಿಡಿದವರಿಗೆ ಹಿಂದಿನ ಸೈಟು, ಮುಂದಿನ ಮೊನೆ, ಗುರಿ ಮೂರನ್ನೂ ಒಂದೇ ಸಾಲಿಗೆ ತರುವ ಪಾಠ ನೆನಪಿರುತ್ತದೆ. ಕಣ್ಣು ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಮುಂದಿನ ಮೊನೆ ಸ್ಪಷ್ಟ ಇರಲಿ, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಕಪ್ಪು ವೃತ್ತ ಆ ಮೊನೆಯ ಮೇಲೆ ನಿಂಬೆಹಣ್ಣು ಇಟ್ಟಂತೆ ಕೂರಬೇಕು. ಖರ್ಚಿಲ್ಲ, ಮುರಿಯುವುದಿಲ್ಲ, ತಪ್ಪು ಎಲ್ಲಿ ಅನ್ನುವುದನ್ನು ತಾನೇ ತೋರಿಸುತ್ತದೆ. ಶಾಲಾ ಮಟ್ಟದ ಕೆಲವು ಸ್ಪರ್ಧೆಗಳಲ್ಲಿ ಓಪನ್ ಸೈಟ್‌ಗೆ ಬೇರೆಯೇ ವಿಭಾಗ ಇರುತ್ತದೆ.

ನಲವತ್ತು ದಾಟಿದ ಮೇಲೆ ಹಿಂದಿನ ಕಚ್ಚು ಮಂಜು ಕವಿದಂತೆ ಕಾಣುತ್ತದೆ. ಗೋಕಾಕದ ಒಬ್ಬ ನಿವೃತ್ತ ಸುಬೇದಾರ್ ಸಾಹೇಬರು ನನಗೆ ಹೇಳಿದ್ದು ಅದನ್ನೇ: "ಕೈ ಗಟ್ಟಿ ಐತಿ ತಮ್ಮಾ, ಕಣ್ಣ ಕೈ ಕೊಟ್ಟಾವ." ಅವರಿಗೆ ಡಯಾಪ್ಟರ್ ಹಾಕಿಸಿದೆವು. ಹಿಂದೆ ಒಂದು ಬಿಲ್ಲೆ, ಅದರ ನಡುವೆ ಮಿಲಿಮೀಟರ್‌ಗಿಂತ ತುಸು ದೊಡ್ಡ ತೂತು. ಮುಂದೆ ಚಿಕ್ಕ ಕೊಳವೆಯೊಳಗೆ ಒಂದು ಉಂಗುರ. ತೂತಿನೊಳಗೆ ಉಂಗುರ, ಉಂಗುರದೊಳಗೆ ಕಪ್ಪು ಗುರಿ, ಒಂದರೊಳಗೊಂದು ಸುತ್ತು. ಬೆರಳು ಮಡಚಿ ಸೂಜಿ ತೂತಿನಷ್ಟು ಸಂದಿ ಮಾಡಿ ಅದರಿಂದ ಕ್ಯಾಲೆಂಡರ್ ನೋಡಿ, ಮಸುಕಾದ ಅಕ್ಷರ ಚೊಕ್ಕವಾಗುತ್ತದೆ. ಅದೇ ತತ್ವ ಇಲ್ಲೂ ಕೆಲಸ ಮಾಡುತ್ತದೆ. ಸಾಹೇಬರು ಮೊದಲ ಹತ್ತು ಗುಂಡು ಹೊಡೆದು ಗುರಿಯ ಕಾರ್ಡ್ ಕೈಗೆ ತಗೊಂಡವರು ಬಹಳ ಹೊತ್ತು ಮಾತಾಡಲಿಲ್ಲ.

10 ಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಳಸುವುದೂ ಡಯಾಪ್ಟರನ್ನೇ, ಅಲ್ಲಿ ಸ್ಕೋಪ್‌ಗೆ ಜಾಗವೇ ಇಲ್ಲ. ಮಗುವನ್ನು ಆ ದಾರಿಗೆ ಕಳಿಸುವವರು ಸ್ಕೋಪ್ ಅಭ್ಯಾಸ ಮಾಡಿಸಬೇಡಿ. ತಗೊಳ್ಳುವ ಮೊದಲು ಗನ್ ಮೇಲೆ ಸೈಟ್ ಕೂರಿಸುವ 11 ಮಿಲಿಮೀಟರ್ ಡವ್‌ಟೇಲ್ ಹಳಿ ಇದೆಯಾ, ಮುಂದಿನ ಸೈಟ್ ಬಿಚ್ಚಿ ಉಂಗುರದ್ದು ಹಾಕಲು ಬರುತ್ತಾ ಅಂತ ನೋಡಿ. ಎಷ್ಟೋ ಅಗ್ಗದ ಗನ್‌ಗಳಲ್ಲಿ ಹಿಂದಿನದು ಕೂರುತ್ತದೆ, ಮುಂದಿನದು ಕೂರುವುದಿಲ್ಲ.

ಹಾಗಂತ ಸ್ಕೋಪ್ ಕೆಟ್ಟದ್ದಲ್ಲ. ತೋಟದಲ್ಲಿ 20-25 ಮೀಟರ್ ದೂರಕ್ಕೆ ಡಬ್ಬಿ, ಬಾಟಲಿ ಮುಚ್ಚಳ ಇಟ್ಟು ಹೊಡೆಯುವವರಿಗೆ ಅದರ ಖುಷಿಯೇ ಬೇರೆ. ಮೂರು ವಿಷಯ ಕೇಳಿ ತಗೊಳ್ಳಿ. ಸ್ಪ್ರಿಂಗ್ ಏರ್‌ಗನ್‌ಗೆ ಅಂತಲೇ ಮಾಡಿದ್ದಾ? 10 ಮೀಟರಿನ ತನಕ ಫೋಕಸ್ ಇಳಿಯುತ್ತಾ? ಹಳಿಯ ಮೇಲೆ ಹಿಂದೆ ಜಾರದಂತೆ ತಡೆ ಇದೆಯಾ? ಸಾಮಾನ್ಯ ರೈಫಲ್ ಸ್ಕೋಪ್ 100 ಗಜಕ್ಕೆ ಹೊಂದಿಸಿದ್ದು. 10 ಮೀಟರಿನಲ್ಲಿ ತಲೆ ಸ್ವಲ್ಪ ಅಲುಗಿದರೂ ಅಡ್ಡಗೆರೆ ಗುರಿ ಬಿಟ್ಟು ಸರಿಯುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಗನ್ ಅಲುಗದಂತೆ ಇಟ್ಟು, ತಲೆ ಮಾತ್ರ ಆಚೀಚೆ ಮಾಡಿ ನೋಡಿ. ಸ್ಕೋಪಿನ ತಿರುಪು ಒಂದು ಕ್ಲಿಕ್‌ಗೆ ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನ) ಸರಿಯುವಂಥದ್ದಾದರೆ 10 ಮೀಟರಿನಲ್ಲಿ ಒಂದು ಕ್ಲಿಕ್ ಅಂದರೆ ಮುಕ್ಕಾಲು ಮಿಲಿಮೀಟರ್. ಒಂದು ಸೆಂಟಿಮೀಟರ್ ಸರಿಸಲು ಸುಮಾರು 14 ಕ್ಲಿಕ್. ಇನ್ನೊಂದು ಮಾತು, ಸ್ಕೋಪ್ ನಳಿಗೆಗಿಂತ ನಾಲ್ಕು ಸೆಂಟಿಮೀಟರ್ ಎತ್ತರ ಕೂತಿರುತ್ತದೆ. 10 ಮೀಟರಿಗೆ ಹೊಂದಿಸಿದ ಗನ್ 20 ಮೀಟರಿನಲ್ಲಿ ಒಂದೆರಡು ಸೆಂಟಿಮೀಟರ್ ಮೇಲೆ ಹೊಡೆಯುತ್ತದೆ. ಗನ್ ಕೆಟ್ಟಿದೆ ಅಂತ ಗಾಬರಿ ಆಗಬೇಡಿ.

ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟ್ ಬೇಡ. 3 ಎಂಒಎ ಚುಕ್ಕೆ 10 ಮೀಟರಿನಲ್ಲಿ ಸುಮಾರು 9 ಮಿಲಿಮೀಟರ್ ಮುಚ್ಚುತ್ತದೆ, ಕಾರ್ಡಿನ ಕಪ್ಪು ಭಾಗವೇ 30.5 ಮಿಲಿಮೀಟರ್. ಗುರಿಯನ್ನೇ ಮುಚ್ಚಿಕೊಂಡು ಗುರಿ ಇಡುವುದು ಹೇಗೆ?

ಇನ್ನು ಯಾರಿಗೆ ಯಾವುದು? ಕಿತ್ತೂರಿನಲ್ಲೋ ವಿಜಯಪುರದಲ್ಲೋ ಸೈನಿಕ ಶಾಲೆಯಲ್ಲಿ ಓದುವ ಮಗಳು ರಜೆಗೆ ಬಂದು "ಕಾಕಾ, ನನಗೂ ಕಲಿಸ್ರಿ" ಅಂದರೆ ಹಗುರ, ಕಡಿಮೆ ಶಕ್ತಿಯ ಬ್ರೇಕ್ ಬ್ಯಾರಲ್, ಓಪನ್ ಸೈಟ್ ಸಾಕು. ಅಂಗಡಿಯಲ್ಲಿ ಅವಳ ಕೈಯಲ್ಲೇ ಐದು ಸಲ ಹೂಡಿಸಿ, ಐದನೆಯದಕ್ಕೆ ಮುಖ ಕಿವುಚಿದರೆ ಆ ಗನ್ ಬಿಟ್ಟುಬಿಡಿ. ಒಂದು ವರ್ಷದ ಮೇಲೂ ಆಸಕ್ತಿ ಉಳಿದರೆ ದೇಶಿ ಪಿಸಿಪಿ, ಡಯಾಪ್ಟರ್. ಮೊದಲ ಗನ್ನಿಗೇ ಸಾಲ ಮಾಡಬೇಡಿ. ನಲವತ್ತು ದಾಟಿ ಸಂಜೆ ಮನಸ್ಸು ಹಗುರ ಮಾಡಿಕೊಳ್ಳಲು ಹೊಡೆಯುವವರಿಗೆ ಅಂಡರ್‌ಲಿವರ್, ಡಯಾಪ್ಟರ್. ನನ್ನ ಕೈಯಲ್ಲಿ ಈಗ ಇರುವುದೂ ಅದೇ. ತೋಟ ಇದೆ, ದೂರ ಇದೆ ಅನ್ನುವವರಿಗೆ ಒಳ್ಳೆಯ ಬ್ರೇಕ್ ಬ್ಯಾರಲ್ ಮೇಲೆ ಏರ್‌ಗನ್ ಸ್ಕೋಪ್. ಅದಕ್ಕೂ ಮೊದಲು ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ, ಆ ಕಡೆ ಯಾರೂ ಓಡಾಡದಿರಲಿ.

ಮಾಳಿಗೆ ಮೇಲೆ ಹೊಡೆಯುವವರು ಮರದ ಪೆಟ್ಟಿಗೆಗೆ ಹಳೆ ಸೀರೆ, ಕೌದಿ ತುಂಡು ಒತ್ತಿ ತುಂಬಿ ಹಿಂದೆ ಗೋಡೆಗೆ ಆನಿಸಿ. ಬರೀ ಗೋಡೆಗೋ ಕಬ್ಬಿಣಕ್ಕೋ ಹೊಡೆದರೆ ಪೆಲ್ಲೆಟ್ ವಾಪಸ್ ಬರುತ್ತದೆ, ಕನ್ನಡಕ ಹಾಕಲೇಬೇಕು. ಪೆಲ್ಲೆಟ್ ಸೀಸದ್ದು, ಕೈ ತೊಳೆಯದೆ ಚಹಾ ಚೂಡಾ ಮುಟ್ಟಬೇಡಿ. ಕಾರ್ಡಿಗೆ ಚಪ್ಪಟೆ ತಲೆಯವು ತಗೊಳ್ಳಿ, ಪಂಚ್ ಹೊಡೆದಂತೆ ದುಂಡನೆ ತೂತು ಬೀಳುತ್ತದೆ. ದೂರಕ್ಕೆ ದುಂಡು ತಲೆಯವು. ಒಂದೇ ಗನ್ ಒಂದು ಡಬ್ಬಿಗೆ ಒಲಿಯುತ್ತದೆ, ಇನ್ನೊಂದಕ್ಕೆ ಮುನಿಯುತ್ತದೆ. ಮೂರು ನಾಲ್ಕು ಬಗೆ ತಂದು ಐದೈದು ಹೊಡೆದು ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಬಿಲ್ ಕೇಳಿ, ನಳಿಗೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ತುದಿಯ ಅಂಚಿಗೆ ಟಾರ್ಚ್ ಬಿಟ್ಟು ಸವೆದಿದೆಯಾ ನೋಡಿ. ಆಮೇಲೆ ಚೀಲದ ಮೇಲೆ ಕೈ ಊರಿ, ಗನ್ ಬಿಗಿ ಹಿಡಿಯದೆ 10 ಮೀಟರಿನಿಂದ ಐದು ಹೊಡೆಯಿರಿ. ಐದೂ ತೂತು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿದರೆ ದುಡ್ಡು ಎಣಿಸಿ ಕೊಡಿ.